ಬೋರ್ ಬಿಚ್ಚುವ ಮೊದಲು ಗೇರ್ ಆಯಿಲ್ ಅಳೆಯಿರಿ

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಅಪ್ಪನ 1993ರ ಯಮಹಾ ಆರ್‌ಎಕ್ಸ್ 100 ನಾಲ್ಕು ವರ್ಷ ಕೊಟ್ಟಿಗೆಯಲ್ಲಿ ಸುಮ್ನೆ ನಿಂತಿತ್ತು. ಕಳೆದ ತಿಂಗಳು ಸ್ಟಾರ್ಟ್ ಮಾಡಿಸಿದೆ. ಗಾಡಿ ಚೆನ್ನಾಗಿ ಎಳೆಯುತ್ತದೆ, ಗುಡ್ಡ ಹತ್ತಲು ತೊಂದರೆ ಇಲ್ಲ. ಆದರೆ ಹೊಗೆ ವಿಪರೀತ. ಹಿಂದೆ ಬರುವವರು ಬೈದು ಹೋಗುತ್ತಾರೆ. ಒಬ್ಬ ಮೆಕ್ಯಾನಿಕ್ ಬೋರ್ (ಪಿಸ್ಟನ್ ಓಡುವ ಸಿಲಿಂಡರ್) ಹೋಗಿದೆ, ಪಿಸ್ಟನ್ ಬದಲಿಸಬೇಕು ಎಂದರು. ಇನ್ನೊಬ್ಬರು ಆಯಿಲ್ ಪಂಪ್ ಬಂದ್ ಮಾಡಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಎಂದರು. ಮನೆಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಇದೆ, ಹಾಗಾಗಿ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಸುಡುವ ಎಣ್ಣೆ) ಯಾವಾಗಲೂ ಇರುತ್ತದೆ. ಆರ್‌ಸಿ ನವೀಕರಣವೂ ಬಾಕಿ ಇದೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಎರಡೂ ಸರಿ ಇರಬಹುದು, ಎರಡೂ ತಪ್ಪಿರಬಹುದು. ಅಳತೆ ಮಾಡದೆ ಗೊತ್ತಾಗುವುದಿಲ್ಲ. ಸುಡುತ್ತಿರುವ ಆ ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕುವ.

ಬೋರ್ ವಿಷಯದಲ್ಲಿ ನಾನೇ ಒಮ್ಮೆ ಮುಗ್ಗರಿಸಿದವ. ಕುಂಬಳೆಯಲ್ಲಿ ಗ್ಯಾರೇಜ್ ಹಾಕಿದ ಹೊಸತು. ಒಬ್ಬರು ಮಾಸ್ಟ್ರು ಹೊಗೆ ಕಾರುವ ಬೈಕ್ ತಂದರು. ನಾನು ಎರಡು ಸಲ ಕಿಕ್ ಹೊಡೆದು, ಹೊಗೆ ನೋಡಿ, ‘ಬೋರ್ ಮುಗಿದಿದೆ ಮಾಸ್ಟ್ರೇ’ ಅಂದೆ. ರೀಬೋರ್ (ಸವೆದ ಬೋರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು), ಹೊಸ ಪಿಸ್ಟನ್, ಹೊಸ ರಿಂಗ್, ಎಲ್ಲ ಆಯಿತು. ಮುಂದಿನ ವಾರ ಅವರು ಬಂದು, ಗಾಡಿ ಆಫ್ ಮಾಡದೆ ಶೆಡ್ಡಿನೊಳಗೇ ನಿಲ್ಲಿಸಿದರು. ಶೆಡ್ ತುಂಬ ಹೊಗೆ. ‘ಎಂಥ ಮಾರಾಯ, ಮೊದಲಿಗಿಂತ ಜೋರಾಗಿದೆ ಅಲ್ವಾ?’ ಅಂದರು. ಬೈದಿದ್ದರೆ ಬೇಕಿತ್ತು. ಅವತ್ತು ಗೇರ್ ಆಯಿಲ್ ಇಳಿಸಿ ನೋಡಿದೆ. ನಾನೇ ಹಾಕಿದ್ದು 650 ಮಿ.ಲೀ., ಬಂದದ್ದು 400ರ ಹತ್ತಿರ. ಉಳಿದದ್ದು ಸೈಲೆನ್ಸರಿನಿಂದ ಹೊರಗೆ ಹೋಗಿತ್ತು. ಎಂಟು ದಿನದಲ್ಲಿ.

ನನ್ನ ತಪ್ಪು ಏನೆಂದರೆ, ಫೋರ್ ಸ್ಟ್ರೋಕಿನ ಬುದ್ಧಿಯನ್ನು ಟೂ ಸ್ಟ್ರೋಕಿಗೆ ಹಾಕಿದ್ದು. ಈಗಿನ ಮೆಕ್ಯಾನಿಕ್‌ಗಳು ದಿನವಿಡೀ ನೋಡುವುದು ಫೋರ್ ಸ್ಟ್ರೋಕ್. ಅಲ್ಲಿ ಪಿಸ್ಟನ್ನಿನ ಕೆಳಗೆ ಎಣ್ಣೆ ತುಂಬಿರುತ್ತದೆ. ರಿಂಗ್ ಸವೆದರೆ ಆ ಎಣ್ಣೆ ಮೇಲೆ ಹತ್ತಿ ಸುಡುತ್ತದೆ, ನೀಲಿ ಹೊಗೆ ಬರುತ್ತದೆ. ಹಾಗಾಗಿ ಹೊಗೆ ಕಂಡ ಕೂಡಲೇ ಬೋರ್ ಅನ್ನುವುದು ಅವರಿಗೆ ಅಭ್ಯಾಸ. ನಿಮ್ಮ ಆರ್‌ಎಕ್ಸ್‌ನಲ್ಲಿ ಪಿಸ್ಟನ್ ಕೆಳಗೆ ಎಣ್ಣೆ ನಿಲ್ಲಿಸಿಟ್ಟೇ ಇಲ್ಲ. ಅಲ್ಲಿರುವುದು ಪೆಟ್ರೋಲು, ಗಾಳಿ, ಅದರ ಜೊತೆ ಬಂದ ಚೂರು ಟೂ-ಟಿ ಆಯಿಲ್. ಅದೇ ಮಿಶ್ರಣ ಮೇಲೆ ಹೋಗಿ ಸುಡುತ್ತದೆ. ಗೇರ್ ಆಯಿಲ್ ಇರುವುದು ಪಕ್ಕದ ಕೋಣೆಯಲ್ಲಿ, ನಡುವೆ ಒಂದು ರಬ್ಬರ್ ಸೀಲ್. ಇಲ್ಲಿ ರಿಂಗ್ ಸವೆದರೆ ಮೊದಲು ಕಾಣುವುದು ಹೊಗೆ ಅಲ್ಲ. ಕಿಕ್ ಹಗುರಾಗುತ್ತದೆ, ಏರು ಬಂದರೆ ಗಾಡಿ ಉಸಿರು ಬಿಡುತ್ತದೆ, ಪಿಸ್ಟನ್ ಕಟಕಟ ಸದ್ದು ಮಾಡುತ್ತದೆ. ಸರಿಯಾಗಿ ಸುಡದೆ ಸ್ವಲ್ಪ ಹೊಗೆ ಹೆಚ್ಚಬಹುದು, ಆದರೆ ಹಿಂದಿನವ ಬೈಯುವಷ್ಟು ಹೊಗೆ ಬರೀ ರಿಂಗಿನಿಂದ ಬರುವುದು ಕಡಿಮೆ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮಾತು ‘ಚೆನ್ನಾಗಿ ಎಳೆಯುತ್ತದೆ’ ಎನ್ನುವುದು. ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಕೀ ಆಫ್ ಇಟ್ಟು, ಕಿಕ್ಕರನ್ನು ಕಾಲಿನಿಂದ ಅಲ್ಲ, ಕೈಯಿಂದ ಮೆಲ್ಲ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು, ಕೈಯ ಭಾರ ಹಾಕಿದರೂ ಎರಡು ಕ್ಷಣ ಹಿಡಿದು ನಿಲ್ಲಬೇಕು. ಹಾಗೆ ನಿಂತರೆ ಬೋರಿನ ಸುದ್ದಿಗೆ ಈಗ ಹೋಗಬೇಡಿ.

ಈಗ ಹುಲ್ಲಿನ ಮೆಷಿನ್ ವಿಷಯ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಬೇಡಿ. ಆ ಮೆಷಿನ್ನಿಗೆ ಎಂದು ಆಯಿಲ್ ಬೆರೆಸಿಟ್ಟ ಕ್ಯಾನಿನ ಪೆಟ್ರೋಲು ಬೈಕಿನ ಟ್ಯಾಂಕಿಗೂ ಹೋಗುತ್ತಿದೆಯೇ? ನೀವು ಹಾಕದಿದ್ದರೂ ಕೆಲಸದವರು, ತಮ್ಮ, ಯಾರಾದರೂ? ತೋಟದ ಮನೆಗಳಲ್ಲಿ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಪೇಟೆಗೆ ಹೋಗಲು ಪೆಟ್ರೋಲ್ ಸಾಲದು, ಕೊಟ್ಟಿಗೆಯ ಮೂಲೆಯಲ್ಲಿ ಕ್ಯಾನ್ ಇದೆ, ಒಂದು ಲೀಟರ್ ಸುರಿದು ಹೊರಡುವುದು. ಆ ಮೆಷಿನ್ನಿಗೆ ಲೀಟರಿಗೆ 20ರಿಂದ 40 ಮಿ.ಲೀ. ಆಯಿಲ್ ಬೆರೆಸಿರುತ್ತೀರಿ. ನಿಮ್ಮ ಬೈಕಿಗೆ ಅದರದೇ ಆಯಿಲ್ ಟ್ಯಾಂಕ್ ಇದೆ, ಪಂಪ್ ಇದೆ, ಅದು ಬೇರೆ ಕೊಡುತ್ತದೆ. ಎರಡೂ ಸೇರಿದರೆ ಎಣ್ಣೆ ದುಪ್ಪಟ್ಟು, ಹೊಗೆಯೂ ದುಪ್ಪಟ್ಟು. ಇದೇ ಕಾರಣ ಆಗಿದ್ದರೆ ರಿಪೇರಿ ಖರ್ಚು ಸೊನ್ನೆ. ಟ್ಯಾಂಕ್ ಖಾಲಿ ಮಾಡಿ ಬಂಕಿನ ಪೆಟ್ರೋಲ್ ಹಾಕಿ, ಅಷ್ಟೇ. ಕ್ಯಾನಿಗೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಬರೆದಿಡಿ.

ಹಾಗೆಯೇ ಆಯಿಲ್ ಟ್ಯಾಂಕಿನಲ್ಲಿ ಇರುವುದು ಏನು? ಪಂಪ್‌ಸೆಟ್ಟಿಗೆ ತಂದ ಫೋರ್-ಟಿ, ಅಂದರೆ ಫೋರ್ ಸ್ಟ್ರೋಕಿನ ಆಯಿಲ್ ಯಾರೋ ಸುರಿದಿದ್ದರೆ ಅದು ದಪ್ಪ ಹೊಗೆ ಕೊಡುತ್ತದೆ, ಪ್ಲಗ್ಗಿಗೂ ಪೋರ್ಟಿಗೂ (ಸಿಲಿಂಡರಿನಿಂದ ಹೊಗೆ ಹೊರಹೋಗುವ ತೂತು) ಕರಿ ಮೆತ್ತುತ್ತದೆ. ಅದು ಸುಡಲಿಕ್ಕೆ ಮಾಡಿದ ಎಣ್ಣೆಯೇ ಅಲ್ಲ. ಟೂ-ಟಿ ಬಾಟಲಿಯಲ್ಲಿ ‘ಜಾಸೊ ಎಫ್‌ಸಿ’ ಅಥವಾ ‘ಎಫ್‌ಡಿ’ ಎಂದು ಇರುವುದನ್ನು ತೆಗೆದುಕೊಳ್ಳಿ. ಜಾಸೊ ಅಂದರೆ ಜಪಾನಿನ ಗುಣಮಟ್ಟದ ಗುರುತು, ‘ಎಫ್‌ಬಿ’ ದರ್ಜೆಗಿಂತ ಇವುಗಳಲ್ಲಿ ಹೊಗೆ ಕಡಿಮೆ. ಬರೀ ಎಣ್ಣೆ ಬದಲಿಸಿ ಅರ್ಧ ಹೊಗೆ ಇಳಿದ ಗಾಡಿಗಳನ್ನು ನೋಡಿದ್ದೇನೆ.

ಇನ್ನು ನಿಮ್ಮ ಹೊಗೆ ನಿಜವಾಗಿ ಎಣ್ಣೆಯದೇ ಹೌದಾ? ನಮ್ಮ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಯಾವ ಗಾಡಿಯೂ ಬಿಳಿ ಹೊಗೆ ಬಿಡುತ್ತದೆ. ಅದು ನೀರಾವಿ. ಅಂಗಳ ದಾಟುವ ಮೊದಲೇ ಕರಗಿ ಹೋಗುತ್ತದೆ. ಎಣ್ಣೆ ಹೊಗೆ ಕರಗುವುದಿಲ್ಲ, ತೋಟದ ಮಧ್ಯೆ ನೇತಾಡಿಕೊಂಡು ನಿಲ್ಲುತ್ತದೆ. ಸಂಶಯ ಇದ್ದರೆ ಹಳೆ ಪೇಪರಿನ ತುಂಡನ್ನು ಸೈಲೆನ್ಸರ್ ಬಾಯಿಯ ಮುಂದೆ ಅರ್ಧ ನಿಮಿಷ ಹಿಡಿಯಿರಿ. ನೀರಿನ ಕಲೆ ಒಣಗಿ ಮಾಯ ಆಗುತ್ತದೆ. ಎಣ್ಣೆಯ ಕಲೆ ಬೋಂಡ ಕಟ್ಟಿದ ಪೇಪರಿನ ಹಾಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ.

ಹೊಗೆ ಕಪ್ಪಗಿದ್ದು, ಪೆಟ್ರೋಲ್ ವಾಸನೆ ಬಂದು, ಪ್ಲಗ್ ಮೇಲೆ ಒಣ ಮಸಿ ಕೂತಿದ್ದರೆ ಅದು ಕಾರ್ಬೊರೇಟರಿನ ಕಥೆ. ಚೋಕ್ ಪೂರ್ತಿ ಇಳಿದಿಲ್ಲ, ಏರ್ ಫಿಲ್ಟರ್ ಕಟ್ಟಿದೆ, ಅಥವಾ ಫ್ಲೋಟಿನ ಸೂಜಿ ಹಿಡಿಯುತ್ತಿಲ್ಲ. ನಾಲ್ಕು ವರ್ಷ ನಿಂತ ಗಾಡಿಯಲ್ಲಿ ಹಳೆ ಪೆಟ್ರೋಲ್ ಆರಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ. ಕಾರ್ಬೊರೇಟರ್ ಹೇಗೂ ಒಮ್ಮೆ ಬಿಚ್ಚಿ ತೊಳೆಸಲೇಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ, ಅದು ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೈಕ್ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಯೇ ನಿಲ್ಲಿಸಿ. ನಿಮ್ಮ ಗಾಡಿಯ ಪ್ಲಗ್ ಒದ್ದೆಯಾಗಿ, ಎಣ್ಣೆಯಲ್ಲಿ ಅದ್ದಿದ ಹಾಗೆ ಕಪ್ಪಾಗಿ ಇರುತ್ತದೆ ಎಂದು ನನ್ನ ಅಂದಾಜು. ಬಿಚ್ಚಿ ನೋಡಿ.

ಅದು ಎಣ್ಣೆಯೇ ಎಂದಾದರೆ ಬರುವ ದಾರಿ ಮೂರೇ. ಪೆಟ್ರೋಲ್ ಟ್ಯಾಂಕಿನಿಂದ, ಅದನ್ನು ಹೇಳಿ ಆಯಿತು. ಆಯಿಲ್ ಟ್ಯಾಂಕಿನಿಂದ ಪಂಪಿನ ಮೂಲಕ. ಇಲ್ಲವೇ ಗೇರ್‌ಬಾಕ್ಸಿನಿಂದ ಸೀಲ್ ದಾಟಿ. ಇದಲ್ಲದೆ ಮೊದಲೇ ಸೈಲೆನ್ಸರಿನಲ್ಲಿ ತುಂಬಿಕೊಂಡ ಹಳೆ ಎಣ್ಣೆ ಬೇರೆ.

ಪಂಪಿನಿಂದ ಶುರು ಮಾಡುವ. ಮೆಡಿಕಲ್ ಅಂಗಡಿಯಿಂದ 50 ಮಿ.ಲೀ. ಸಿರಿಂಜ್ ಒಂದು ತನ್ನಿ. ಪೆಟ್ರೋಲ್ ಫುಲ್ ಮಾಡಿ. ಆಯಿಲ್ ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿ, ಪೆನ್ನಿನಲ್ಲಿ ಗೀರು ಹಾಕಿ. ಆರ್‌ಸಿ ನವೀಕರಣ ಆದ ಮೇಲೆ 100 ಕಿ.ಮೀ. ಓಡಿಸಿ. ಒಂದೇ ದಿನ ಆಗಬೇಕೆಂದಿಲ್ಲ, ಬದಿಯಡ್ಕ, ಕಾಸರಗೋಡು ಅಂತ ನಿಮ್ಮ ಓಡಾಟದಲ್ಲೇ ಆಗಲಿ. ಆಮೇಲೆ ಸಿರಿಂಜಿನಲ್ಲಿ ಅಳೆದು ಅಳೆದು ಗೀರಿನವರೆಗೆ ಮತ್ತೆ ತುಂಬಿ. ಗಾಡಿ ಲೀಟರಿಗೆ 40 ಕೊಡುತ್ತದೆ ಅಂತ ಇಟ್ಟುಕೊಂಡರೆ 100 ಕಿ.ಮೀ.ಗೆ ಎರಡೂವರೆ ಲೀಟರ್ ಪೆಟ್ರೋಲ್. 50ಕ್ಕೆ 1ರ ಲೆಕ್ಕದಲ್ಲಿ ಅದಕ್ಕೆ 50 ಮಿ.ಲೀ. ಆಯಿಲ್ ಸಾಕು. 80ರವರೆಗೆ ಹೋದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 120 ದಾಟಿದರೆ ಪಂಪ್ ಜಾಸ್ತಿ ಕೊಡುತ್ತಿದೆ ಎಂದೇ ಅರ್ಥ.

ಹಾಗಾದರೆ ಮೊದಲು ನೋಡಬೇಕಾದ್ದು ಪಂಪನ್ನಲ್ಲ, ಪಂಪಿನ ಕೇಬಲ್ಲನ್ನು. ಆಕ್ಸಿಲರೇಟರ್ ತಿರುಗಿಸಿದಾಗ ಒಂದು ಕೇಬಲ್ ಕಾರ್ಬೊರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ ಹೋಗುತ್ತದೆ. ಜಾಸ್ತಿ ತಿರುಗಿಸಿದಷ್ಟು ಎಣ್ಣೆ ಜಾಸ್ತಿ. ಕೊಟ್ಟಿಗೆಯ ತೇವದಲ್ಲಿ ನಾಲ್ಕು ವರ್ಷ ನಿಂತ ಕೇಬಲ್ ಒಳಗೆ ತುಕ್ಕು ಹಿಡಿದಿದ್ದರೆ ಎಳೆದದ್ದು ವಾಪಸ್ ಬರುವುದಿಲ್ಲ. ಆಗ ಗಾಡಿ ಐಡ್ಲಿಂಗಿನಲ್ಲಿ ನಿಂತಿದ್ದರೂ ಪಂಪಿನ ಲೆಕ್ಕದಲ್ಲಿ ಅದು ಹೈವೇಯಲ್ಲಿ ಓಡುತ್ತಿದೆ. ಪಂಪಿನ ಮುಚ್ಚಳ ತೆಗೆದು, ಒಬ್ಬರು ಆಕ್ಸಿಲರೇಟರ್ ತಿರುಗಿಸಿ ಬಿಡಲಿ, ನೀವು ಪಂಪಿನ ಗಾಲಿ ನೋಡಿ. ಟಪ್ ಎಂದು ಪೂರ್ತಿ ಹಿಂದೆ ಬರಬೇಕು. ಗಾಲಿಯ ಮೇಲೊಂದು ಗುರುತು ಇರುತ್ತದೆ, ಅದನ್ನು ಪಿನ್ನಿಗೆ ಸರಿಯಾಗಿ ಕೂರಿಸಲು ಗೊತ್ತಿರುವ ಹಳಬರ ಕೈಯಲ್ಲಿ ಹೊಂದಿಸಿಕೊಳ್ಳಿ. ಕೇಬಲ್ ಬದಲಿಸಲು ದೊಡ್ಡ ಖರ್ಚೇನಿಲ್ಲ.

ಪಂಪಿಗೆ ಇನ್ನೊಂದು ಕಾಯಿಲೆ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೋಡ, ಹತ್ತು ಕಿ.ಮೀ. ಹೋದ ಮೇಲೆ ಸರಿ, ಮರುದಿನ ಮತ್ತೆ ಮೋಡ. ಇದು ಪಂಪಿನೊಳಗಿನ ಸಣ್ಣ ಗುಂಡು ಮತ್ತು ಸ್ಪ್ರಿಂಗಿನ ತೊಂದರೆ. ಗಾಡಿ ನಿಂತಾಗ ಎಣ್ಣೆ ಹೋಗದಂತೆ ತಡೆಯುವುದು ಅದೇ. ಕಸ ಸಿಕ್ಕಿಕೊಂಡರೆ ರಾತ್ರಿಯಿಡೀ ಎಣ್ಣೆ ಜಿನುಗಿ ಎಂಜಿನ್ ಹೊಟ್ಟೆ ಸೇರುತ್ತದೆ. ಆಯಿಲ್ ಪೈಪನ್ನು ಕಾರ್ಬೊರೇಟರ್ ತುದಿಯಲ್ಲಿ ಬಿಚ್ಚಿ ಒಂದು ಗಾಜಿನ ಬಾಟಲಿಯೊಳಗೆ ಇಳಿಬಿಡಿ. ಬೆಳಿಗ್ಗೆ ಬಾಟಲಿ ಒಣಗಿರಬೇಕು. ಅಂದ ಹಾಗೆ, ಅಪ್ಪ ಗಾಡಿ ನಿಲ್ಲಿಸುವಾಗ ಆಯಿಲ್ ಟ್ಯಾಂಕ್ ತುಂಬಿತ್ತು, ನೀವು ತೆಗೆಯುವಾಗ ಖಾಲಿ ಇತ್ತು ಎಂದಾದರೆ ಆ ಎಣ್ಣೆ ಎಲ್ಲಿ ಹೋಯಿತು? ನೆಲದ ಮೇಲೆ ಇಲ್ಲದಿದ್ದರೆ ಎಂಜಿನ್ನಿನೊಳಗೇ ಇದೆ.

ಈಗ ಮುಖ್ಯ ಸಂಗತಿ, ಗೇರ್ ಆಯಿಲ್. ನನ್ನ ಅನುಮಾನ ಜಾಸ್ತಿ ಇಲ್ಲೇ. ಎಂಜಿನ್ ಬಿಸಿಯಾದ ಮೇಲೆ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಪೂರ್ತಿ ಇಳಿಸಿ. ಒಂದು ಲೀಟರಿನ ನೀರಿನ ಬಾಟಲಿಗೆ ಹಾಕಿದರೆ ಅಳತೆ ಅಂದಾಜು ಸಿಗುತ್ತದೆ. ಕಳೆದ ತಿಂಗಳು ಹೊಸದಾಗಿ ಹಾಕಿದ್ದರೆ 650ರ ಹತ್ತಿರ ಬರಬೇಕು. ನೂರು, ಇನ್ನೂರು ಕಡಿಮೆ ಇದ್ದು, ಕೆಳಗೆ ಎಲ್ಲೂ ಸೋರಿದ ಗುರುತು ಇಲ್ಲದಿದ್ದರೆ ಕಳ್ಳ ಸಿಕ್ಕಿದ.

ಇಷ್ಟಕ್ಕೇ ಬಿಡಬೇಡಿ, ಮೂಸಿ ನೋಡಿ. ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕಿನ ಕೋಣೆಯಲ್ಲಿ ಒಂದು ಸಲ ಹೀರುವ ಒತ್ತಡ, ಮರುಕ್ಷಣ ತಳ್ಳುವ ಒತ್ತಡ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಹೀರುವಾಗ ಗೇರ್ ಆಯಿಲ್ ಒಳಗೆ ಬರುತ್ತದೆ, ತಳ್ಳುವಾಗ ಪೆಟ್ರೋಲು ಗೇರ್‌ಬಾಕ್ಸಿಗೆ ಹೋಗುತ್ತದೆ. ಹಾಗಾಗಿ ಕೆಲವು ಗಾಡಿಯಲ್ಲಿ ಅಳತೆ ಕಡಿಮೆ ಆದ ಹಾಗೆ ಕಾಣುವುದೇ ಇಲ್ಲ. ಆದರೆ ಎಣ್ಣೆ ನೀರಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಜಿಡ್ಡು ಸಾಲದು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮಾಸ್ಟ್ರ ಗಾಡಿಯ ನಂತರ ನಾನು ಗೇರ್ ಆಯಿಲ್ ಮೂಸದೆ ಯಾವ ಟೂ ಸ್ಟ್ರೋಕನ್ನೂ ಬಿಚ್ಚಿಲ್ಲ. ಹೊಗೆಯ ವಾಸನೆಯೂ ಬೇರೆ. ಟೂ-ಟಿ ಹೊಗೆ ಸ್ವಲ್ಪ ಸಿಹಿ ಸಿಹಿ. ಗೇರ್ ಆಯಿಲಿನದು ಬಾಣಲೆಯಲ್ಲಿ ಎಣ್ಣೆ ಕಮಟಿ ಸುಟ್ಟ ಹಾಗೆ, ಗಂಟಲಿಗೆ ಹಿಡಿಯುತ್ತದೆ. ಎಂಜಿನ್ ಬಿಸಿಯಾದ ಮೇಲೂ ಈ ಹೊಗೆ ನಿಲ್ಲುವುದಿಲ್ಲ.

ಇಷ್ಟಾದರೂ ಪಂಪೋ ಸೀಲೋ ಎಂದು ಗೊತ್ತಾಗದಿದ್ದರೆ ಒಂದು ಉಪಾಯ. ಪಂಪಿನಿಂದ ಬರುವ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ, ಕಾರ್ಬೊರೇಟರಿನ ಆ ತೂತಿಗೆ ಬಿಗಿಯಾಗಿ ರಬ್ಬರ್ ಕ್ಯಾಪ್ ಹಾಕಿ. ಬಿಚ್ಚಿದ ಪೈಪಿನ ತುದಿಯನ್ನು ಬಾಟಲಿಗೆ ಬಿಡಿ. ಪೆಟ್ರೋಲಿಗೆ ಲೀಟರಿಗೆ 25 ಮಿ.ಲೀ. ಆಯಿಲ್ ಬೆರೆಸಿ ಒಂದು ದಿನ ಓಡಿಸಿ. ಹೊಗೆ ಇಳಿದರೆ ತಪ್ಪು ಪಂಪಿನದು. ಹಾಗೆಯೇ ಇದ್ದರೆ ಸೀಲಿನದು. ಕ್ಯಾಪ್ ಹಾಕಲು ಮರೆತರೆ ಅಲ್ಲಿಂದ ಸುಮ್ನೆ ಗಾಳಿ ಎಳೆದು, ಪಿಸ್ಟನ್ ವಿಪರೀತ ಬಿಸಿಯಾಗಿ ಬೋರಿನಲ್ಲೇ ಬಿಗಿದು ನಿಲ್ಲುತ್ತದೆ. ಆಯಿಲ್ ಬೆರೆಸಲು ಮರೆತರಂತೂ ಹೇಳುವುದೇ ಬೇಡ.

ಸೀಲ್ ಸಣ್ಣದು, ಕೂಲಿ ದೊಡ್ಡದು. ಕೆಲವು ಎಂಜಿನ್ನಿನಲ್ಲಿ ಕ್ಲಚ್ ಕವರ್, ಕ್ಲಚ್, ಪ್ರೈಮರಿ ಗೇರ್ ತೆಗೆದರೆ ಹೊರಗಿನಿಂದಲೇ ಸಿಗುತ್ತದೆ. ಕೆಲವಕ್ಕೆ ಕ್ರ್ಯಾಂಕ್‌ಕೇಸ್ ಎರಡು ಭಾಗ ಮಾಡಬೇಕು. ನಿಮ್ಮದು ಹೇಗೆ ಎಂದು ಕೆಲಸ ಹಿಡಿಯುವ ಮೊದಲೇ ಮೆಕ್ಯಾನಿಕ್ ಹತ್ತಿರ ಬಾಯಿಬಿಟ್ಟು ಕೇಳಿ. ಕೇಸ್ ಬಿಚ್ಚುವುದೇ ಆದರೆ ಎರಡೂ ಕಡೆಯ ಸೀಲ್, ಕ್ರ್ಯಾಂಕ್ ಬೇರಿಂಗ್ ಎಲ್ಲ ಒಟ್ಟಿಗೆ ಹೊಸತು ಹಾಕಿಸಿ. ಮೂವತ್ತು ವರ್ಷದ ರಬ್ಬರು, ಅದರ ಮೇಲೆ ನಾಲ್ಕು ವರ್ಷ ಒಣಗಿ ನಿಂತದ್ದು. ಒಂದು ಕಡೆ ಬಿರಿದಿದ್ದರೆ ಇನ್ನೊಂದು ಕಡೆಯೂ ನಂಬಿಕೆ ಇಲ್ಲ. ಕ್ಲಚ್ಚಿನ ಆಚೆ ಬದಿಯ, ಅಂದರೆ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಅದು ಹೊಗೆಗಿಂತ ಅಪಾಯ.

ಮೂಲ ಸರಿ ಮಾಡಿದ ಮೇಲೂ ಕೂಡಲೇ ಹೊಗೆ ನಿಲ್ಲದಿದ್ದರೆ ಗಾಬರಿ ಬೇಡ. ಸೈಲೆನ್ಸರ್ ತಿಂಗಳಿಡೀ ಎಣ್ಣೆ ಕುಡಿದಿದೆ. ಹಿಂದಿನ ಬೋಲ್ಟ್ ಬಿಚ್ಚಿ ಒಳಗಿನ ತೂತಿನ ಪೈಪನ್ನು ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಅಂಟಂಟು ಡಾಂಬರಿನ ಹಾಗೆ ಬರುತ್ತದೆ. ಬಚ್ಚಲ ಒಲೆಯ ಕೆಂಡದಲ್ಲಿ ಅರ್ಧ ಗಂಟೆ ಇಟ್ಟರೆ ಸುಟ್ಟು ಬೂದಿಯಾಗುತ್ತದೆ. ತಣ್ಣಗಾದ ಮೇಲೆ ತಂತಿ ಬ್ರಷ್ ಸಾಕು. ನಮ್ಮ ಮನೆಗಳ ಬಚ್ಚಲ ಒಲೆ ಇದ್ದಷ್ಟು ದಿನ ಇದಕ್ಕೆ ಗ್ಯಾರೇಜ್ ಬೇಡ. ಹೊಗೆ ಜೋರು, ಆ ಕೆಲಸಕ್ಕೆ ಮಾತ್ರ ಸ್ನಾನದ ಹೊತ್ತು ಆರಿಸಬೇಡಿ, ಬೈಗುಳ ತಿನ್ನುತ್ತೀರಿ. ಸೈಲೆನ್ಸರ್ ಬಿಚ್ಚಿದಾಗ ಎಂಜಿನ್ನಿನ ಎಕ್ಸಾಸ್ಟ್ ಪೋರ್ಟನ್ನೂ ನೋಡಿ. ಪಿಸ್ಟನ್ನನ್ನು ಪೂರ್ತಿ ಮೇಲೆ ತಂದರೆ ಅದು ಪೋರ್ಟಿಗೆ ಅಡ್ಡ ನಿಲ್ಲುತ್ತದೆ, ಕಸ ಒಳಗೆ ಬೀಳುವುದಿಲ್ಲ. ಆಗ ಅಡಿಕೆ ಮರದ ಸಲಾಕೆಯಿಂದ ಕರಿ ಕೆರೆಯಿರಿ. ಸ್ಕ್ರೂ ಡ್ರೈವರ್ ಬೇಡ, ಪಿಸ್ಟನ್ನಿಗೆ ಗೀರು ಬೀಳುತ್ತದೆ. ಒಳಗಿನ ಪೈಪನ್ನು ಹೊರಗೇ ಬಿಟ್ಟು ಓಡಿಸುವ ಹುಡುಗರ ಚಟ ನಿಮಗೆ ಬೇಡ. ಶಬ್ದ ಜಾಸ್ತಿಯಾಗುತ್ತದೆ, ಓಟ ಜಾಸ್ತಿಯಾಗುವುದಿಲ್ಲ.

ಪಂಪ್ ಬಂದ್ ಮಾಡುವ ಸಲಹೆ ನನಗೆ ಇಷ್ಟವಿಲ್ಲ. ಪಂಪ್ ನಿಧಾನ ಹೋಗುವಾಗ ಕಡಿಮೆ, ಜೋರು ಹೋಗುವಾಗ ಜಾಸ್ತಿ ಕೊಡುತ್ತದೆ. ಬೆರೆಸಿ ಹಾಕಿದರೆ ಎಲ್ಲದಕ್ಕೂ ಒಂದೇ ಲೆಕ್ಕ. ಪೇಟೆಯಲ್ಲಿ ಮೆಲ್ಲ ಹೋಗುವಾಗ ಹೊಗೆ ಇನ್ನೂ ಜಾಸ್ತಿ ಕಾಣುತ್ತದೆ. ಮೇಲಿಂದ, ಮಳೆಯಲ್ಲಿ ನೆನೆದುಕೊಂಡು ಬಂಕಿಗೆ ಹೋದ ದಿನ ಆಯಿಲ್ ಬಾಟಲಿ ಮನೆಯಲ್ಲೇ ಉಳಿದಿರುತ್ತದೆ. ಪಂಪ್ ರಿಪೇರಿ ಆಗುವುದೇ ಇಲ್ಲ, ಬಿಡಿಭಾಗ ಸಿಗುವುದಿಲ್ಲ ಎಂದಾದರೆ ಮಾತ್ರ ಆ ದಾರಿ. ಹಾಗೆಯೇ, ಹೊಗೆಗೆ ಹೆದರಿ ಆಯಿಲ್ ತೀರಾ ಕಡಿಮೆ ಮಾಡಲೂ ಬೇಡಿ. ಬಿಸಿಯಾದ ಮೇಲೂ ನೂಲಿನಷ್ಟು ನೀಲಿ ಹೊಗೆ ಈ ಗಾಡಿಗೆ ಇರಬೇಕಾದ್ದೇ.

ಕಿಕ್ ಪರೀಕ್ಷೆಯಲ್ಲಿ ಕಂಪ್ರೆಶನ್ (ಕೈಗೆ ಸಿಗಬೇಕಾದ ಆ ಗಟ್ಟಿ ತಡೆ) ಇಲ್ಲ ಎಂದು ಕಂಡರೆ ಆಗ ಬೋರ್ ಬಿಚ್ಚಿಸಿ, ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಇರಲಿ. ಈ 98 ಸಿಸಿ ಎಂಜಿನ್ನಿನ ಬೋರ್ 50 ಮಿ.ಮೀ. ರೀಬೋರಿಗೆ ಪಿಸ್ಟನ್ ಬರುವುದು ಅದಕ್ಕಿಂತ 0.25, 0.50, 0.75, 1.00 ಮಿ.ಮೀ. ದೊಡ್ಡದಾಗಿ. ಅಂದರೆ ನಾಲ್ಕೇ ಅವಕಾಶ. ಅಪ್ಪನ ಕಾಲದಲ್ಲಿ ಎಷ್ಟು ಆಗಿದೆಯೋ, ಪಿಸ್ಟನ್ ತಲೆಯ ಮೇಲೆ ಬರೆದಿರುತ್ತದೆ. 1996ಕ್ಕೇ ನಿಂತುಹೋದ ಗಾಡಿ ಇದು, ಹಳೆ ಒರಿಜಿನಲ್ ಬ್ಲಾಕ್ ಸುಮ್ನೆ ಕೊರೆಸಿ ಕಳೆದುಕೊಳ್ಳಬೇಡಿ.

ಆರ್‌ಸಿಯ ಬಗ್ಗೆ ಎರಡು ಮಾತು. ಮಾಲಿನ್ಯ ತಪಾಸಣೆಯನ್ನು ನಮ್ಮಲ್ಲಿ ಜನ ‘ಪುಕ ಟೆಸ್ಟ್’ ಅನ್ನುತ್ತಾರೆ (ಮಲಯಾಳದಲ್ಲಿ ಪುಕ ಅಂದರೆ ಹೊಗೆ), ಆದರೆ ಅದು ಹೆಸರಿಗೆ ಮಾತ್ರ ಹೊಗೆಯದು. ಪೆಟ್ರೋಲ್ ಗಾಡಿಯಲ್ಲಿ ಆ ಯಂತ್ರ ಅಳೆಯುವುದು ಐಡ್ಲಿಂಗಿನಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್. 2000ದ ಮಾರ್ಚ್ 31ರ ಮೊದಲು ತಯಾರಾದ ಬೈಕಿಗೆ ಮಿತಿ ಕ್ರಮವಾಗಿ ಶೇ. 4.5 ಮತ್ತು 9,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 9,000). ಸರಿಯಾಗಿರುವ ಆರ್‌ಎಕ್ಸ್‌ಗೆ ಇದು ಕಷ್ಟವಲ್ಲ. ಹದಿನೈದು ವರ್ಷ ದಾಟಿದ ಮೇಲೆ ನವೀಕರಣ ಐದೈದು ವರ್ಷಕ್ಕೊಮ್ಮೆ, ನಿಮ್ಮದು ತಪ್ಪಿದ್ದು ಕೊಟ್ಟಿಗೆಯಲ್ಲಿದ್ದಾಗ ಇರಬೇಕು. ಅದು ಬಾಕಿ ಇರುವಾಗ 100 ಕಿ.ಮೀ. ಪರೀಕ್ಷೆಗೆ ರಸ್ತೆಗೆ ಇಳಿಯಬೇಡಿ. ಗೇರ್ ಆಯಿಲ್, ಕೇಬಲ್, ಬಾಟಲಿಯ ಪರೀಕ್ಷೆಗಳು ಅಂಗಳದಲ್ಲೇ ಆಗುತ್ತವೆ. ಅಷ್ಟು ಮುಗಿಸಿ, ಸೈಲೆನ್ಸರ್ ತೊಳೆದು, ಆಮೇಲೆ ಟೆಸ್ಟಿಗೆ ಹೋಗಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ.

ಈ ಭಾನುವಾರ ಗೇರ್ ಆಯಿಲ್ ಇಳಿಸಿ. ಎಷ್ಟು ಮಿ.ಲೀ. ಬಂತು, ಪೆಟ್ರೋಲ್ ವಾಸನೆ ಇತ್ತಾ, ಬಾಟಲಿಗೆ ರಾತ್ರಿ ಎಣ್ಣೆ ಬಿತ್ತಾ, ಈ ಮೂರನ್ನು ಬರೆದು ಕಳಿಸಿ. ಬೋರಿನ ವಿಷಯ ಆಮೇಲೆ ಮಾತಾಡುವ.